ಕಪ್ಪೆ ನುಂಗಿದ ಕಾರ್ಯದರ್ಶಿ

ನಾನು ಹೆದರುವವನಲ್ಲ! ಈ ಮಾತನ್ನು ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಹನ್ನೆರಡೂ ಮನೆಯವರ ಎದುರು, ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಬೆನ್ನು ಕೊಟ್ಟು, ಎದೆ ಸೆಟೆಸಿ ಘೋಷಿಸಿದೆ.

"ಊರಿಗೆ ಊರೇ ಕಿರಚಿಗೋತ ನೋಡಾಕತ್ತಿರೋ ಆ ಹಾರರ್ ಪಿಕ್ಚರ್‌ಗೆ ಶನಿವಾರ ಎಲ್ಲಾರೂ ಕೂಡಿ ಹೋಗೂಣು. ನಾ ಕರ್ಕೊಂಡು ಹೋಗತೀನಿ. ಒಂದ್ ಸಲಾನೂ ಕಣ್ಣು ಮುಚ್ಚದ ನೋಡಿ ತೋರಸ್ತೀನಿ!"

ಈ ಘೋಷಣೆಯ ಹಿಂದೆ ಒಂದು ರಾಜಕೀಯವಿತ್ತು, ಒಪ್ಪಿಕೊಳ್ಳುತ್ತೇನೆ. ಆನಂದಕುಮಾರನೆಂಬ ನಾನು ಹಗಲು ಹೊತ್ತು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಉಳಿದ ಹೊತ್ತು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಮ್ಮ ನೆಲದಡಿಯ ನೀರಿನ ಸಂಪು ತೊಳೆಸಿ ಎರಡು ವರ್ಷವಾಗಿತ್ತು. ನೀರಿಗೆ ಪಾಚಿಯ ಬಣ್ಣ, ಪಾಚಿಯ ವಾಸನೆ. ಯಾರೇ ಕೇಳಲಿ, ನನ್ನ ಉತ್ತರ ಒಂದೇ: "ಮುಂದಿನ ಭಾನುವಾರ ಪಕ್ಕಾ!" ಭಾನುವಾರಗಳು ಪಾಪ, ನನ್ನ ಮಾತು ನಂಬಿ ಬಂದು ಬಂದು ಹೋದವು. ಜನ ಮುಖ ತಿರುಗಿಸತೊಡಗಿದ್ದರು. ಅವರ ಸಿಟ್ಟು ಇಳಿಸಲು ನಾನು ಹೂಡಿದ ಮಹಾಸ್ತ್ರವೇ ಈ ಸಿನಿಮಾ. ಸಂಪು ತೊಳೆಸುವುದಕ್ಕಿಂತ ಎಷ್ಟೋ ಸುಲಭ!

"ಕತಿ ಏನಂತ ಕೇಳೀರೇನ್ರಿ?" ಎಂದಳು ನನ್ನ ಹೆಂಡತಿ ಶಿವಗಂಗಾ.

"ಎಂಥದೋ ದೊಡ್ಡ ಪ್ರಾಣಿ ಬರತೈತಿ, ಮಂದೀನ ತಿಂತೈತಿ. ಅಂಜಿಕೀನೂ ಬರತೈತಂತ, ನಗೀನೂ ಬರತೈತಂತ. ಇಷ್ಟು ಸಾಕಲ್ಲ?"

"ನಿಮಗ ಸಾಕು ಬಿಡ್ರಿ," ಎಂದವಳು ಅಡುಗೆಮನೆಗೆ ನಡೆದಳು. ಆ ಧ್ವನಿಯಲ್ಲಿದ್ದ ಎಚ್ಚರಿಕೆ ನನ್ನ ಕಿವಿಗೆ ಮುಟ್ಟಲಿಲ್ಲ.

ಶನಿವಾರ ಮಧ್ಯಾಹ್ನದ ಆಟ. ಥಿಯೇಟರಿನಲ್ಲಿ ಎರಡು ಸಾಲು ನಮ್ಮದೇ. ನನ್ನ ಎಡಕ್ಕೆ ಶಿವಗಂಗಾ. ಬಲಕ್ಕೆ ಕೆಳಮನೆಯ ಸೋಮಣ್ಣ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಸಂಪಿನ ಮುಚ್ಚಳ ಅವರ ಬಾಗಿಲ ಎದುರಿಗೇ ಇರುವುದರಿಂದ ವಾಸನೆಯ ಮೊದಲ ಪಾಲು ಅವರಿಗೇ. ಸರಿಯಾಗಿ ನನ್ನ ಹಿಂದಿನ ಸೀಟಿನಲ್ಲಿ ಎರಡನೇ ಮಹಡಿಯ ಸಾವಿತ್ರಮ್ಮ. ಯಾದಗಿರಿ ಕಡೆಯವರು, ಎಪ್ಪತ್ತೆರಡು ವರ್ಷ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ಚೀಲ ತಡಕಿದರೂ, ಅವರ ಸೆರಗಿನೊಳಗಿನ ಗಂಟನ್ನು ತಡಕುವ ಧೈರ್ಯ ಯಾರಿಗೂ ಬರಲಿಲ್ಲ.

ದೀಪ ಆರಿತು. ತೆಲುಗು ಸಿನಿಮಾ. ಪರದೆಯ ಮೇಲೆ ಒಂದು ಅಪಾರ್ಟ್‌ಮೆಂಟು. ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿದು, ಒಂದು ಕಬ್ಬಿಣದ ಮುಚ್ಚಳದ ಮೇಲೆ ನಿಂತಿತು. ಮುಚ್ಚಳದ ಕೆಳಗಿನಿಂದ "ಗೊಟರ್" ಎಂಬ ಸದ್ದು.

ಅದು ಸಂಪು! ವರ್ಷಗಟ್ಟಲೆ ತೊಳೆಯದ ಸಂಪು! ಅದರೊಳಗೆ ಕೊಳೆತ ನೀರು ಕುಡಿದು ಕುಡಿದು ಎಮ್ಮೆಯಷ್ಟು ಬೆಳೆದ ಒಂದು ಕಪ್ಪೆ!

ನನ್ನ ಎದೆ ಧಸಕ್ಕೆಂದಿತು. ಕಪ್ಪೆಗಲ್ಲ, ಸಾಲಿಗೆ! ಎರಡೂ ಸಾಲಿನ ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದ್ದವು.

ಕಪ್ಪೆ ಮೊದಲು ಒಬ್ಬ ಕಾವಲುಗಾರನನ್ನು ನುಂಗಿತು. ನಾಲಿಗೆ ಹದಿನೈದು ಅಡಿ ಚಾಚಿ, ಸುತ್ತಿ, "ಲಬಕ್!" ಆಮೇಲೆ ಗಂಭೀರವಾಗಿ ಯೋಚಿಸಿ, "ಪುಚಕ್" ಎಂದು ಅವನ ಚಪ್ಪಲಿಗಳನ್ನು ಮಾತ್ರ ಉಗುಳಿತು. ಥಿಯೇಟರಿನಲ್ಲಿ ಅರ್ಧ ಜನ ಚೀರಿದರು, ಅರ್ಧ ಜನ ನಕ್ಕರು. "ಪಾರಿಪೋ ರಾ, ಪಾರಿಪೋ!" ಎಂದು ಬಾಲ್ಕನಿಯಿಂದ ಯಾರೋ ಸತ್ತವನಿಗೇ ಓಡಿಹೋಗಲು ಸಲಹೆ ಕೊಟ್ಟರು.

ಆಗ ಬಂದ ನೋಡಿ ಆ ಮಹಾನುಭಾವ! ಬೋಳು ತಲೆ, ಬೊಜ್ಜು, ಜೇಬಿನಲ್ಲಿ ಎರಡು ಪೆನ್ನು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಸಂಪು ಯಾವಾಗ ತೊಳೆಸುತ್ತೀರೆಂದು ಹೆಂಗಸರು ಕೇಳಿದರೆ, ಹೊಟ್ಟೆ ಸವರಿಕೊಳ್ಳುತ್ತ ಹೇಳಿದ: "ವಚ್ಚೇ ಆದಿವಾರಂ ಪಕ್ಕಾ!"

ಬರುವ ಭಾನುವಾರ ಪಕ್ಕಾ!

ನಮ್ಮ ಎರಡು ಸಾಲು ನಕ್ಕ ರಭಸಕ್ಕೆ ಕುರ್ಚಿಗಳು ಅಲುಗಾಡಿದವು. ಸೋಮಣ್ಣ ನನ್ನ ಕಿವಿಗೆ ಬಾಗಿ, "ಸೆಕ್ರೆಟ್ರಿ ಸಾಹೇಬ್ರ, ಪಿಕ್ಚರ್‌ನ್ಯಾಗ ಪಾರ್ಟ್ ಮಾಡೀರಿ, ಒಂದ್ ಮಾತು ಹೇಳಲಿಲ್ಲಲ್ರಿ!" ಎಂದರು.

"ನನಗ ಜೇಬಿನ್ಯಾಗ ಒಂದ ಪೆನ್ನು ಇರತೈತ್ರಿ," ಎಂದೆ, ಬಿಗಿಯಾಗಿ.

ಹತ್ತು ನಿಮಿಷದಲ್ಲಿ ಆ ಕಾರ್ಯದರ್ಶಿ ಸಂಪಿನ ಹತ್ತಿರ ಫೋನಿನಲ್ಲಿ ಹರಟುತ್ತ ನಿಂತ. ಹಿಂದಿನಿಂದ ಮುಚ್ಚಳ ಮೆಲ್ಲಗೆ ಎದ್ದಿತು. ಇಡೀ ಥಿಯೇಟರು ಉಸಿರು ಹಿಡಿಯಿತು. ನಾನೂ ಹಿಡಿದೆ. ಲಬಕ್!

ಆಹಾ, ಏನು ಸಂಭ್ರಮ! ಶಿಳ್ಳೆ, ಚಪ್ಪಾಳೆ, ಹರಿದ ಟಿಕೆಟ್ಟಿನ ಪುಷ್ಪವೃಷ್ಟಿ! ನನ್ನದೇ ಜನ, ನಾನೇ ಕರೆದುಕೊಂಡು ಬಂದ ಜನ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಇನ್ನೊಮ್ಮಿ ನುಂಗವಾ ತಾಯಿ!" ಎಂದರು ಸಾವಿತ್ರಮ್ಮ. ಕಪ್ಪೆ ಎರಡೂ ಪೆನ್ನುಗಳನ್ನು ಉಗುಳಿದಾಗ ಎಲ್ಲರಿಗಿಂತ ಜೋರಾಗಿ ಒಂದು ನಗು ನನ್ನ ಎಡಗಡೆಯಿಂದ ಬಂತು. ತಿರುಗಿ ನೋಡಿದರೆ ಶಿವಗಂಗಾ! ಕಣ್ಣೀರು ಒರೆಸಿಕೊಂಡು ಒರೆಸಿಕೊಂಡು ನಗುತ್ತಿದ್ದಾಳೆ!

ಮಧ್ಯಂತರದಲ್ಲಿ ಅವಳನ್ನು ಪಕ್ಕಕ್ಕೆ ಕರೆದೆ. "ಬ್ಯಾರೇದವರು ನಗಲಿ. ನೀನೂ ನಗೂದೇನು?"

ಅವಳ ನಗು ನಿಂತಿತು. "ದಿನಾ ಮುಂಜಾನೆ ಹಳೇ ಧೋತ್ರ ಕಟ್ಟಿ ನೀರು ಸೋಸಾಕಿ ಯಾರ್ರಿ? ನಾನು. ಸೋಸಿದ್ದನ್ನ ಕಾಸಿ, ಆರಿಸಿ, ನಿಮ್ಮ ಬಾಟ್ಲಿಗಿ ತುಂಬಾಕಿ ಯಾರು? ನಾನು. ಎರಡ್ ವರ್ಷ ಆತು. ನಾ ಅಳಲಿಲ್ಲ, ನಕ್ಕೆ. ಅದೂ ತಪ್ಪೇನ್ರಿ?"

ನನ್ನ ಬಾಟಲಿಯ ನೀರು ಅಷ್ಟು ತಿಳಿಯಾಗಿ ಎಲ್ಲಿಂದ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ತೆಪ್ಪಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ.

ಉತ್ತರಾರ್ಧದಲ್ಲಿ ನಗು ಕಡಿಮೆ. ಕಪ್ಪೆ ಮೆಟ್ಟಿಲು ಹತ್ತತೊಡಗಿತ್ತು. ಕತ್ತಲ ವರಾಂಡ. ಹಿನ್ನೆಲೆ ಸಂಗೀತವೂ ಬಂದ್. ಒದ್ದೆ ಕಾಲಿನ ಸದ್ದು ಮಾತ್ರ... ಪಚಕ್... ಪಚಕ್... ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆಂದರೂ ರೆಪ್ಪೆ ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ, ಹಿಂದಿನಿಂದ, ಕತ್ತಲಲ್ಲಿ, ನನ್ನ ಬಲಗೆನ್ನೆಗೆ ಏನೋ ತಗುಲಿತು. ತಣ್ಣಗೆ. ಮೆತ್ತಗೆ. ಉದ್ದಕ್ಕೆ. ಅಂಟಂಟಾಗಿ!

ನಾಲಿಗೆ!

ಆಮೇಲೆ ನಡೆದದ್ದು ನನಗೆ ಪೂರ್ತಿ ನೆನಪಿಲ್ಲ, ನೋಡಿದವರು ಹೇಳಿದ್ದು. ನಾನು ಸೀಟಿನ ಮೇಲೆ ಎದ್ದು ನಿಂತೆನಂತೆ. ಪಾಪ್‌ಕಾರ್ನ್ ಡಬ್ಬಿ ಮುಂದಿನ ಸಾಲಿನ ದಢೂತಿ ಆಸಾಮಿಯ ತಲೆಗೆ ಕಿರೀಟವಾಯಿತಂತೆ. ಎರಡೂ ಕೈ ಜೋಡಿಸಿ, ಪರದೆಯ ಕಡೆ ಮುಖ ಮಾಡಿ, ಥಿಯೇಟರ್ ಹಾರಿ ಹೋಗುವ ಹಾಗೆ ಕಿರುಚಿದೆನಂತೆ:

"ತೊಳಸ್ತೀನಿ! ನಾಳೀನ ತೊಳಸ್ತೀನಿ! ನನ್ನ ಬಿಡು, ನಾಳೀನ ಸಂಪು ತೊಳಸ್ತೀನಿ!"

ಪರದೆಯ ಮೇಲಿನ ಕಪ್ಪೆ ಕೂಡ ಒಂದು ಕ್ಷಣ ತಡೆದಂತೆ ನನಗೆ ಕಂಡಿತು.

"ಅರೇ ಭಾಯ್, ಕಾಯ್ಕು ಚಿಲ್ಲಾರೈಂ?" ಎಂದರು ದಢೂತಿ ಆಸಾಮಿ, ತಲೆಯ ಮೇಲಿನ ಡಬ್ಬಿ ತೆಗೆಯುತ್ತ. ಯಾಕೆ ಕಿರುಚಿದೆನೆಂದು ನಾನು ಯಾವ ಭಾಷೆಯಲ್ಲಿ ಹೇಳಲಿ?

ಹಿಂದೆ ತಿರುಗಿದೆ. ಸಾವಿತ್ರಮ್ಮನವರ ಚಾಚಿದ ಕೈಯಲ್ಲಿ ಸಿಪ್ಪೆ ಸುಲಿದ ಬಾಳೆಹಣ್ಣು.

"ಮುಖಾ ಸಣ್ಣಗ ಮಾಡ್ಕೊಂಡು ಕುಂತಿದ್ದೆಲ್ಲೋ ತಮ್ಮಾ. ಹಸದಿರಬೇಕು ಅಂತ ಕೊಟ್ಟೆ," ಎಂದರು. ಮರುಕ್ಷಣವೇ ಎರಡೂ ಸಾಲಿಗೆ ಕೇಳುವಂತೆ, "ನಾಳೀಗೆ ಅಂದಾನ. ಎಲ್ಲಾರೂ ಕೇಳಿರಿಲ್ಲೋ?"

"ಕೇಳೀವ್ರಿ!" ಎಂದಿತು ಎರಡು ಸಾಲು, ಒಂದೇ ಕಂಠದಲ್ಲಿ. ಥಿಯೇಟರಿನ ಉಳಿದವರು ಏನೂ ಅರ್ಥವಾಗದೆಯೇ ಚಪ್ಪಾಳೆ ತಟ್ಟಿದರು. ಆ ಸಿನಿಮಾಕ್ಕೆ ಆ ದಿನ ಬಿದ್ದ ಅತಿ ದೊಡ್ಡ ಚಪ್ಪಾಳೆ ಅದು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಸಂಪಿನ ಸುತ್ತ ಹನ್ನೆರಡು ಮನೆಯವರೂ ಹಾಜರು. ತೊಳೆಯುವವರನ್ನು ನಾನೇ ಫೋನು ಮಾಡಿ ಕರೆಸಿದ್ದೆ. ಪಂಪು ಹಾಕಿ ನೀರೆಲ್ಲ ಹೊರಗೆ ಹಾಕಿದರು, ಗೋಡೆ ತಿಕ್ಕಿದರು, ತಳದ ಕೆಸರನ್ನು ಬಕೆಟ್ಟುಗಳಲ್ಲಿ ಮೇಲೆ ಕಳಿಸಿದರು. ಮೂರನೆಯ ಬಕೆಟ್ಟಿನಿಂದ ಏನೋ ಟಣ್ಣನೆ ನೆಗೆಯಿತು.

ಕಪ್ಪೆ. ಹೆಬ್ಬೆರಳಿನಷ್ಟು.

ನಾನು ಸೋಮಣ್ಣನವರ ಸ್ಕೂಟರಿನ ಸೀಟಿನ ಮೇಲಿದ್ದೆ. ಹತ್ತಿದ್ದು ಗೊತ್ತಿಲ್ಲ, ಇದ್ದದ್ದು ನಿಜ.

ಸೋಮಣ್ಣ ಅದನ್ನು ಒಂದು ಚೊಂಬಿನಲ್ಲಿ ಹಿಡಿದು ಗೇಟಿನ ಕಡೆ ಹೊರಟರು. ಸಾವಿತ್ರಮ್ಮ ಅಡ್ಡ ಬಂದರು.

"ಏ ಸೋಮಣ್ಣ, ಅದನ್ನ ಹೊರಗ ಬಿಡಬ್ಯಾಡೋ! ಹನ್ನೆರಡು ಮನಿ ಮಂದಿ ಎರಡ್ ವರ್ಷ ಬಾಯಿ ಬಡ್ಕೊಂಡ್ರೂ ಆಗದಿದ್ದ ಕೆಲಸ, ಕಪ್ಪಿ ಒಂದ ದಿನದಾಗ ಮಾಡಿಸ್ತು. ಇದನ್ನ ಸೆಕ್ರೆಟ್ರಿ ಮಾಡೂಣು!"

"ಆತ್ರಿ ಅಮ್ಮಾರ. ಒಪ್ಪಿಗಿ ಇದ್ದವರು ಕೈ ಎತ್ರಿ," ಎಂದರು ಸೋಮಣ್ಣ, ಚೊಂಬನ್ನು ಎತ್ತಿ ಹಿಡಿದು.

ಎಲ್ಲರೂ ಕೈ ಎತ್ತಿದರು. ಶಿವಗಂಗಾ ಎರಡೂ ಕೈ ಎತ್ತಿದಳು.