ತಗ್ಗಿನ ತೋಟಕ್ಕೆ ನಾನು ಕಟ್ಟಿಸಿದ ಕಟ್ಟೆ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನಮ್ಮ ಓಣಿಯಲ್ಲಿ ಹೊಸ ವಾಚನಾಲಯ ಎದ್ದಿತು. ಈಗಿನ ನಿಯಮದಂತೆ ಅದರ ಮುಂದೆ ತಗ್ಗಿನ ತೋಟ ಇರಲೇಬೇಕು. ಮಾಳಿಗೆಯ ಮಳೆನೀರು ಅಲ್ಲಿ ಇಂಗಿ, ಓಣಿಯ ಬಾವಿ ಸೇರಬೇಕು. ಪ್ರತಿ ಬೇಸಿಗೆ ಆ ಬಾವಿ ಬತ್ತಿ, ಹೆಂಗಸರು ಟ್ಯಾಂಕರ್ ಹಿಂದೆ ಓಡುತ್ತಿದ್ದರು. ತೋಟದ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಬಟ್ಟೆ ಅಂಗಡಿಯವನಿಗೆ ತೋಟ ಯಾವ ಮಹಾವಿದ್ಯೆ!

ಹೋಗಿ ನೋಡಿದರೆ ಬರೀ ತಗ್ಗು. ನಡುವೆ ಒಂದು ಬಿಲ್ವದ ಸಸಿ. ನನ್ನ ಭಕ್ತಿ ಉಕ್ಕಿತು. ಶಿವನ ತಲೆಗೇರುವ ಪತ್ರಿ ರಾಡಿಯಲ್ಲಿ ನಿಲ್ಲುವುದೇ? ಕೂಡಲೇ ತಗ್ಗಿಗೆ ಮುರುಮು ಮಣ್ಣು ತುಂಬಿಸಿ, ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿಸಿ, ಸಸಿಯನ್ನು ಸಿಂಹಾಸನಾರೂಢ ಮಾಡಿದೆ.

ಹೆಂಡತಿ ಗೌರಾ ಹುಬ್ಬು ಗಂಟಿಕ್ಕಿದಳು. "ಏನ್ರೀ, ಮಾಳಿಗಿ ನೀರು ಎಲ್ಲಿ ಹೋಗಬೇಕು?"

"ನೀರಿಗಿ ದಾರಿ ಹೇಳಿಕೊಡಬೇಕೇನು? ತಾನೇ ಹೋಗ್ತದ!"

ಹೋಯಿತು. ಉದ್ಘಾಟನೆಯ ದಿನವೇ ಧೋ ಎಂದು ಮಳೆ! ಪೈಪಿನ ನೀರು ನನ್ನ ಕಟ್ಟೆಗೆ ಬಡಿದು, ತಿರುಗಿ, ನೇರ ವಾಚನಾಲಯದೊಳಗಿನ ಸಭೆಗೆ ನುಗ್ಗಿತು. "ನೀರು ಮನೆಮನೆಗೂ ಬರಬೇಕು" ಎನ್ನುತ್ತಿದ್ದ ನಿಲಂಗಾದ ಅತಿಥಿಗಳು ಕುರ್ಚಿ ಹತ್ತಿ ನಿಂತರು. ನಾನು ಅಂಗಡಿಯಿಂದ ತಾನುಗಟ್ಟಲೆ ಬಟ್ಟೆ ತಂದು ಬಾಗಿಲಿಗೆ ಅಡ್ಡ ಒಟ್ಟಿದೆ. ಒಳಗಿನ ನೀರು ಹೊರಗೆ ಹೋಗಲು ಇದ್ದ ಒಂದೇ ದಾರಿಯೂ ಬಂದ್ ಆಯಿತು!

ನೆರೆಮನೆಯ ಶಾಂತಕ್ಕ ಸೀರೆ ಎತ್ತಿ ಹಿಡಿದು ಕೂಗಿದಳು, "ಅಣ್ಣಾರ, ಬಾವಿ ನೀರು ಪುಸ್ತಕಕ್ಕ ಕುಡಸ್ಲಾಕತ್ತೀರಲ್ರೀ!"

ಕಟ್ಟಡದ ಇಂಜಿನಿಯರ್ ಹಣೆ ಚಚ್ಚಿಕೊಂಡರು. "ಶೇಠ್, ಹೇ ಕಾಯ್ ಕೇಲಂ? ಏನ್ ಮಾಡೀರಿ ಇದು? ಕಟ್ಟಿ ಒಡೀರಿ. ಅಲ್ಲೀತನ ವಾಚನಾಲಯದ ಕೀಲಿ ಸಿಗಂಗಿಲ್ಲ."

ಪ್ರಾಯಶ್ಚಿತ್ತಾರ್ಥವಾಗಿ ನಾನೇ ಹಾರೆ ಹಿಡಿದೆ. ಮೊದಲ ಏಟು ಪೈಪಿಗೆ ಬಿತ್ತು! ಗೌರಾ ಹಾರೆ ಕಸಿದುಕೊಂಡಳು. ಓಣಿಯವರೆಲ್ಲ ಸೇರಿ ಕಟ್ಟೆ ಒಡೆದು ಮುರುಮು ಹೊರಗೆ ಹೊತ್ತು ಹಾಕಿದರು, ಪೈಪು ಜೋಡಿಸಿದರು, ಸಸಿಯನ್ನು ಮತ್ತೆ ತಗ್ಗಿಗೆ ಇಳಿಸಿದರು.

ಮುಂದಿನ ಮಳೆಗೆ ತಗ್ಗು ತುಂಬಿತು. ಮರುದಿನ ನೋಡಿದರೆ ನೀರೆಲ್ಲ ನೆಲದ ಪಾಲು. ಬಿಲ್ವಕ್ಕೆ ಹೊಸ ಚಿಗುರು ಬಂದಿತು. ಆ ಬೇಸಿಗೆಯಲ್ಲಿ ಗೌರಾ ಬಾವಿಯಿಂದ ತುಂಬಿದ ಕೊಡ ಎಳೆದು, ನನ್ನ ಕಡೆ ತಿರುಗಿ ನಕ್ಕಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ಪಕ್ಕದ ಓಣಿಯಲ್ಲಿ ಹೊಸ ಅಂಗನವಾಡಿ ಏಳುತ್ತಿದೆ. ಅಲ್ಲಿಯೂ ತಗ್ಗಿನ ತೋಟ! ಅನುಭವಿಗಳೆಂದು ನನ್ನನ್ನು ಕರೆದರು. ಇಸ್ತ್ರಿ ಅಂಗಿ ತೊಟ್ಟು ಹೋದೆ. ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದರು.

"ಅಣ್ಣಾರ, ತೋಟ ಮುಗಿಯೋತನ ಇಲ್ಲೇ ಚಹಾ ಕುಡಕೋತ ಕುಂಡ್ರಿ. ಎದ್ದು ಮಾತ್ರ ಬರಬ್ಯಾಡ್ರಿ!"

ಕೂತೆ. ಊರಿನ ಅಂತರ್ಜಲಕ್ಕೆ ನನ್ನಿಂದಾದ ದೊಡ್ಡ ಸೇವೆ ಅದೇ.