ಮೂವತ್ತೊಂದು ಖಾಲಿ ಡಬ್ಬಿಗಳು

ಆ ಭಾನುವಾರದ ಬೆಳಗು ಎಲ್ಲ ಭಾನುವಾರಗಳಂತೆಯೇ ಶುರುವಾಯಿತು. ನಳಕ್ಕೆ ನೀರು ಬಂತು, ಹಾಲು ಕೆನೆ ಕಟ್ಟಿತು, ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಎರಡು ರೊಟ್ಟಿ ತಿಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಮೂರನೆಯದು ಬೇಡವಂತೆ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಕಂಡುಕೊಂಡದ್ದಿಷ್ಟು: ಕೂಗಾಡುವ ಗಂಡನನ್ನು ಹೇಗೋ ಸಂಭಾಳಿಸಬಹುದು, ಮೂರನೆಯ ರೊಟ್ಟಿ ಬೇಡವೆಂದು ಮೆಲ್ಲಗೆ ಎದ್ದುಹೋಗುವ ಗಂಡನ ಮುಂದೆ ಯಾವ ಹೆಂಡತಿಯೂ ಗೆಲ್ಲಲಾರಳು. ಹೀಗೆ ಎರಡಕ್ಕೇ ನಿಲ್ಲುತ್ತ ಅವರಿಗೆ ಮೂರು ವಾರವಾಗಿತ್ತು. ತಪ್ಪು ನನ್ನದೇ.

ಅವರಿಗೆ ಭಾಲ್ಕಿಯಲ್ಲಿ ನೌಕರಿ. ದಿನಾ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬೀಡಿಯಿಲ್ಲ, ಇಸ್ಪೀಟಿಲ್ಲ, ಇರುವ ಒಂದೇ ಚಟ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟುಗಳದ್ದು. ನಾವು ಚಿಕ್ಕವರಿದ್ದಾಗ ಟಿವಿಗೆ ವೈರು ಚುಚ್ಚಿ ಆಡುತ್ತಿದ್ದರಲ್ಲ, ಆ ಅಂಗೈಯಗಲದ ಪ್ಲಾಸ್ಟಿಕ್ಕಿನ ತುಂಡುಗಳು. ಉದಗೀರ, ಹೈದರಾಬಾದುಗಳ ಹಳೇ ಬಜಾರುಗಳಲ್ಲಿ ಹುಡುಕಿ ಮೂವತ್ತೊಂದು ಕೂಡಿಸಿದ್ದರು, ಒಂದೊಂದಕ್ಕೂ ಅದರದೇ ರಟ್ಟಿನ ಡಬ್ಬಿ ಸಮೇತ. ಡಬ್ಬಿ ಇದ್ದರೇ ಅದಕ್ಕೆ ಕಿಮ್ಮತ್ತಂತೆ. ಇದು ನನಗೆ ತಿಳಿದದ್ದು ದಸರೆಯ ಸ್ವಚ್ಛತೆ ಮುಗಿದ ಮೇಲೆ. ಅಷ್ಟರಲ್ಲಿ ನಾನು ಕ್ಯಾಸೆಟ್ಟುಗಳನ್ನು ಒರೆಸಿ ಸ್ಟೀಲಿನ ಡಬ್ಬಕ್ಕೆ ತುಂಬಿ, ಮೂಲೆ ಹರಿದು ಮುಗ್ಗಲು ವಾಸನೆ ಬರುತ್ತಿದ್ದ ರಟ್ಟನ್ನೆಲ್ಲ ಚೀಲಕ್ಕೆ ತುರುಕಿ ರದ್ದಿಯವನ ಗಾಡಿಗೆ ಹಾಕಿಯಾಗಿತ್ತು. ಸಂಜೆ ಬಂದವರಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ. ಅವರು ಚಹಾ ಅಲ್ಲಿಗೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಗೋಡಿದರು. ಒಂದು ತಾಸಿನ ಮೇಲೆ ಬರಿಗೈಯಲ್ಲಿ ಬಂದು, “ಇರ್ಲಿ ಬಿಡು” ಎಂದರು. ಬೈದಿದ್ದರೆ ನನಗೂ ಎರಡು ಮಾತಾಡಲು ಜಾಗ ಸಿಗುತ್ತಿತ್ತು.

ಇನ್ನೊಂದು ಸಂಕಟವಿತ್ತು. ಔರಾದದಲ್ಲಿ ಮಾಸ್ತರರಾಗಿರುವ ಮಾಣಿಕರಾವ್, ಹಾಸ್ಟೆಲಿನ ಕಾಲದಿಂದ ಇವರ ಗೆಳೆಯರು, ಇದೇ ಹುಚ್ಚಿನವರು. “ಡಬ್ಬಿ ಸಮೇತ ತೋರಸ್ತೇನಿ, ಬಾ” ಎಂದು ಇವರು ಎರಡು ವರ್ಷದಿಂದ ಜಂಬ ಕೊಚ್ಚಿದ್ದರು. ಮಾಣಿಕರಾವ್ ದೀಪಾವಳಿಗೆ ಮೊದಲಿನ ಭಾನುವಾರ ಬರುವುದಾಗಿ ಫೋನು ಮಾಡಿಬಿಟ್ಟರು. ಗಂಡನ ಮಾನ ನನ್ನ ಕೈಯಲ್ಲಿತ್ತು. ಹೊಸ ಡಬ್ಬಿಗಳನ್ನು ನಾನೇ ಮಾಡುತ್ತೇನೆಂದು ಹೊರಟೆ.

ಕಾನ್ವೆಂಟಿನಲ್ಲಿ ಓದಿದವಳಿಗೆ ಹೊದಿಕೆ ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಪುಸ್ತಕದ ಬ್ರೌನ್ ಪೇಪರಿನ ಮೂಲೆ ಸಡಿಲಾದರೆ ನಮ್ಮ ಸಿಸ್ಟರ್ ಬರೀ ನೋಟದಿಂದಲೇ ನಮ್ಮನ್ನು ಅಳುವಂತೆ ಮಾಡುತ್ತಿದ್ದರು. ಅಂಗಿ ಡಬ್ಬಿಗಳ ರಟ್ಟು ಕತ್ತರಿಸಿ, ಬ್ರೌನ್ ಪೇಪರು ಸುತ್ತಿ, ಬಲಗಡೆ ಲೇಬಲ್ ಅಂಟಿಸಿ, ದುಂಡಗಿನ ಅಕ್ಷರದಲ್ಲಿ ಆಟದ ಹೆಸರು ಬರೆದೆ. ನಮ್ಮವರು ಸಾಲಾಗಿ ನಿಂತ ಮೂವತ್ತೊಂದನ್ನೂ ನೋಡಿ, “ಪರೀಕ್ಷಾ ಯಾವಾಗ ಅದ?” ಎಂದರು.

ಎಲ್ಲವನ್ನೂ ಬಿಚ್ಚಿ ಚಿತ್ರ ಬರೆಯಲು ಕೂತೆ. ಆದರೆ ನಾನು ಒಂದು ಆಟವನ್ನೂ ಆಡಿದವಳಲ್ಲ.

“ಇದ್ರಾಗ ಏನ್ ಮಾಡ್ತಾನ್ರಿ?”

“ಓಡ್ತಾನ.”

“ಎಲ್ಲಿಗಿ?”

“ಬಲಕ್ಕ.”

“ಯಾಕ?”

ಅವರು ತುಸು ಯೋಚಿಸಿದರು. “ಎಡಕ್ಕ ಹೋಗ್ಲಾಕ ಬರಂಗಿಲ್ಲ.”

ಕಾರಣವಿಲ್ಲದೆ ಓಡುವ ಮನುಷ್ಯನನ್ನು ಬರೆಯುವುದು ಬಹಳ ಕಷ್ಟ. ಪಾಪ ಅನ್ನಿಸಿ ಅವನ ಕೈಗೊಂದು ಊಟದ ಡಬ್ಬಿ ಕೊಟ್ಟೆ, ಬಲಗಡೆ ಭಾಲ್ಕಿಯ ಬಸ್ಸು ನಿಲ್ಲಿಸಿದೆ. ರೇಸಿನ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಎಲ್ಲಕ್ಕೂ ನಮ್ಮೂರ ಬಿದರಿ ಹೂಜಿಯಂತೆ ಕಪ್ಪಿನ ಮೇಲೆ ಬೆಳ್ಳಿಬಣ್ಣದ ಹೂಬಳ್ಳಿಯ ಅಂಚು. ನಮ್ಮವರು ಅತ್ತಿತ್ತ ಹೋಗುವಾಗ ನಿಂತು ನೋಡುವರು, ಏನೋ ಹೇಳಲು ಬಾಯಿ ತೆರೆಯುವರು, ಮುಚ್ಚುವರು. ಹಳೆಯ ಡಬ್ಬಿಗಳ ದುಃಖ ಇನ್ನೂ ಇಳಿದಿಲ್ಲವೆಂದು ನಾನು ಇನ್ನಷ್ಟು ಬಳ್ಳಿ ಬರೆಯುವೆ.

ಬಣ್ಣದ ಪ್ರಿಂಟು ತೆಗೆಸಲು ಕೊಟ್ಟದ್ದು ಲಗ್ನಪತ್ರಿಕೆಯ ಅಂಗಡಿಗೆ. ಮಾಣಿಕರಾವ್ ಬರುವ ಆ ಭಾನುವಾರ ಮಧ್ಯಾಹ್ನ ಹೋಗಿ ನೋಡುತ್ತೇನೆ, ಪ್ರತಿಯೊಂದರ ನೆತ್ತಿಯ ಮೇಲೂ ‘ಶ್ರೀ ಗುರುಬಸವಲಿಂಗಾಯ ನಮಃ’, ಬುಡದಲ್ಲಿ ‘ಸರ್ವರಿಗೂ ಆದರದ ಸುಸ್ವಾಗತ’.

“ಇದೇನ್ರಿ?” ಎಂದೆ.

“ಮ್ಯಾಲ ಜಾಗ ಖಾಲಿ ಇತ್ತಲ್ರಿ ಅಕ್ಕಾರೆ” ಎಂದ ಮಾಲೀಕ. “ದೇವರ ಹೆಸರಿಲ್ಲದ ಕಾಗದ ನಮ್ಮ ಮಷೀನಿನ್ಯಾಗಿಂದ ಇಲ್ಲಿತನಕ ಹೊರಗ ಬಿದ್ದಿಲ್ಲ.”

“ಇದು ಲಗ್ನದ್ದಲ್ರಿ, ಆಟದ್ದು.”

“ಆಟ ಆದ್ರ ಏನಾತ್ರಿ? ಗೆಲ್ಲೋದು ಬ್ಯಾಡೇನು?”

ಮತ್ತೆ ಮಾಡಿಸಲು ಸಮಯವಿರಲಿಲ್ಲ. ಮನೆಗೆ ಬಂದು ಅಂಟಿಸಿದೆ. ಕೊನೆಯ ಡಬ್ಬಿಯ ಅಂಟು ಆರುವ ಮೊದಲೇ ಮಾಣಿಕರಾವ್ ಬಂದರು. ನಮ್ಮವರು ಡಬ್ಬಿಗಳನ್ನು ದಿವಾನದ ಮೇಲೆ ಸಾಲಾಗಿ ಇಟ್ಟು, ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ ಪಕ್ಕಕ್ಕೆ ನಿಂತರು. ನಾನು ಅಡಿಗೆಮನೆಯ ಪರದೆಯ ಹಿಂದೆ. ಮಾಣಿಕರಾವ್ ಒಂದನ್ನು ಎತ್ತಿ ಮೇಲಿನದು ಓದಿದರು, ಕೆಳಗಿನದು ಓದಿದರು, ಓಡುವವನನ್ನು ಕನ್ನಡಕ ಎತ್ತಿ ನೋಡಿದರು. ಇತ್ತ ಚಹಾ ಉಕ್ಕಿ ಒಲೆ ಆರಿತು. ಆಮೇಲೆ ಅವರು ತೊಡೆ ತಟ್ಟಿಕೊಂಡು ನಕ್ಕ ನಗೆಗೆ ದಿವಾನವೇ ಕುಣಿಯಿತು.

“ಏ ದೋಸ್ತ, ಅಸಲಿ ಡಬ್ಬಿ ನನ್ನ ಹತ್ರನೂ ಹತ್ತು ಅದಾವ. ಬಸ್ಸಿಗಿ ಓಡೋ ಇಂವ ಎಲ್ಲಿ ಸಿಗಬೇಕು? ವೈನಿ, ನನ್ನವಕ್ಕೂ ಮಾಡಿಕೊಡ್ರಿ!”

“ಆಕಿಗಿ ಪುರಸೊತ್ತಿಲ್ಲಪ” ಎಂದರು ನಮ್ಮವರು, ಮೂರು ವಾರದಲ್ಲಿ ಮೊದಲ ಸಲ ಎದೆಯುಬ್ಬಿಸಿ.

ನನ್ನನ್ನು ಇನ್ನು ಹಿಡಿಯುವವರಾರು? ಪರದೆ ಸರಿಸಿ ಬಂದು ಮಾಸ್ತರರಿಗೇ ಪಾಠ ಶುರುಮಾಡಿದೆ. ಅಂಚು ಯಾಕೆ ಕಪ್ಪಿರಬೇಕು, ಮೂಲೆ ಹೇಗೆ ಮಡಚಬೇಕು, ಎಲ್ಲ ಹೇಳಿ, “ಹಳೇವು ಹೋದದ್ದೇ ಛಲೋ ಆತು ಬಿಡ್ರಿ” ಎಂದೂ ಸೇರಿಸಿದೆ. ನಮ್ಮವರು ಯಾಕೋ ಫ್ಯಾನಿನ ಕಡೆ ನೋಡತೊಡಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ಶಕುಂತಲಾಬಾಯಿ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಡಬ್ಬಿಗಳನ್ನೊಮ್ಮೆ ನೋಡಿ ನಮ್ಮವರಿಗೆಂದರು: “ತಮ್ಮಾ, ನಾಳಿಗಿ ನಮ್ಮಲ್ಲಿ ಪೇಂಟಿನವ್ರು ಬರ್ತಾರ. ಹೋದ ವಾರ ರದ್ದಿಯವನ ಕಡಿಂದ ವಾಪಸ್ ತಂದು ನಮ್ಮ ಅಟ್ಟದ ಮ್ಯಾಲ ಇಟ್ಟೀರಲ್ಲ, ಆ ಡಬ್ಬಿ ಚೀಲ ಒಯ್ದುಬಿಡ್ರಿ. ‘ಪಾಪ, ಚಿತ್ರ ತೆಗಿಲಾಕ ಕುಂತಾಳ, ಈಗ ಹ್ಯಾಂಗ ಹೇಳ್ಲಿ’ ಅಂತಿದ್ರಿ. ಮುಗೀತಲ್ಲ?”