ಎತ್ತುಮಂಡಿ ದಿಬ್ಬದ ದಾಖಲೆ

ಸುಳ್ಳು ಹೇಳಬೇಕಾದರೆ ಬಾಯಿ ತೆರೆಯಲೇಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೇನೂ ಇಲ್ಲ; ಜೇಬಿನಲ್ಲಿ ಒಂದು ಮೊಬೈಲು ಇದ್ದು, ಅದನ್ನು ಆಫ್ ಮಾಡುವುದನ್ನು ಮರೆತರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇಷ್ಟು ಸುಲಭದ ವಿದ್ಯೆ ಕಲಿಯುವುದಕ್ಕೆ ನನಗೆ ಐವತ್ತೆರಡು ವರ್ಷ ಬೇಕಾಯಿತು. ಅದೂ ಬೆಸಗರಹಳ್ಳಿ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಜೊತೆಗೆ ಸತ್ಯವನ್ನೂ ಬೋಧಿಸುತ್ತಾ ಕೂದಲು ಉದುರಿಸಿಕೊಂಡ ಮೇಷ್ಟ್ರಿಗೆ!

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಸರೋಜಳ ತಮ್ಮ ಹರೀಶ. ಕುಂದಾಪುರದಲ್ಲಿ ಬ್ಯಾಂಕಿನ ಕೆಲಸ. ಕರಾವಳಿಗೆ ವರ್ಗವಾದವರು ಮೀನು ತಿನ್ನುವುದನ್ನು ಕಲಿಯುತ್ತಾರೆ, ಯಕ್ಷಗಾನ ನೋಡುವುದನ್ನು ಕಲಿಯುತ್ತಾರೆ. ಇವನು ಮೌಂಟನ್ ಬೈಕ್ ಓಡಿಸುವುದನ್ನು ಕಲಿತ. ಪ್ರತಿ ಭಾನುವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನ ದರ್ಶನ. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ, ನಡುವೆ ಕಪ್ಪು ಕನ್ನಡಕದ ಹರೀಶ. ಕೆಳಗೆ ಎಷ್ಟು ದೂರ, ಎಷ್ಟು ಏರು, ಎಷ್ಟು ನಿಮಿಷ ಎಂದು ಮೊಬೈಲಿನ ಸೈಕಲ್ ಆ್ಯಪು ತಾನೇ ಬರೆದುಕೊಂಡ ಪಟ್ಟಿ. ದುದ್ದದಲ್ಲಿರುವ ನಮ್ಮ ಮಾವನವರು ಅದನ್ನು ಕನ್ನಡಕ ಹಾಕಿಕೊಂಡು ಓದಿ, ಬಂದವರಿಗೆಲ್ಲ ತೋರಿಸಿ, ಒಂದು ಬೀಗರೂಟದಲ್ಲಿ ನನ್ನ ಎಲೆಯ ಕಡೆ ನೋಡಿ ಹೇಳಿಯೇಬಿಟ್ಟರು: "ನನ್ ಮಗ ಗುಡ್ಡ ಅತ್ತುತಾವ್ನೆ. ನಮ್ ಅಳಿಯಂದ್ರು ಕುಂತ್ರೆ ಏಳಾಕೇ ಇಬ್ಬರು ಬೇಕು." ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನನಗೆ ಬಹಳ ನೋವಾಯಿತು, ಅದನ್ನು ಮುಚ್ಚಿಡುವುದೇಕೆ? ಇಪ್ಪತ್ತೈದು ವರ್ಷದಿಂದ ಆ ಮನೆಯಲ್ಲಿ ನಾನು "ಪಾಪ, ಮೇಷ್ಟ್ರು" ಎಂಬ ಎರಡು ಪದಗಳ ಆಚೆಗೆ ಬೆಳೆದಿರಲಿಲ್ಲ.

ಮಾರನೆಯ ವಾರವೇ ಆ ಆ್ಯಪನ್ನು ನನ್ನ ಮೊಬೈಲಿಗೂ ಹಾಕಿಕೊಂಡು, ಮಂಡ್ಯಕ್ಕೆ ಹೋಗಿ ಇಪ್ಪತ್ತೊಂದು ಗೇರಿನ ಮೌಂಟನ್ ಬೈಕು ತಂದೆ. ಇಡೀ ಜಿಲ್ಲೆಯಲ್ಲಿ ಅದನ್ನು ಹತ್ತಿಸುವಂಥ ಮೌಂಟನ್ ಎಲ್ಲಿದೆ ಎಂದು ಅಂಗಡಿಯವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ನಕಾಶೆ ಪಾಠ ಮಾಡುವವನಲ್ಲವೇ, ಕೂತು ಒಂದು ಮಾರ್ಗ ಬರೆದೆ. ಮದ್ದೂರಿನ ನಮ್ಮ ಮನೆಯಿಂದ ಹೊರಟು, ಹೆದ್ದಾರಿ ಬಿಟ್ಟು, ನಾಲೆ ಏರಿ ಹಿಡಿದು, ಕಬ್ಬಿನ ಗದ್ದೆಗಳ ನಡುವಿನ ಗಾಡಿಜಾಡಿನಲ್ಲಿ ಮಳವಳ್ಳಿ ಸೀಮೆ ಸೇರಿ, ಎತ್ತುಮಂಡಿ ದಿಬ್ಬ ಹತ್ತಿ ಇಳಿದು ಶಿವನಸಮುದ್ರ ಮುಟ್ಟುವುದು. ಹಿಂದೆ ಗಾಡಿಯ ಎತ್ತುಗಳು ಅಲ್ಲಿ ಮಂಡಿಯೂರುತ್ತಿದ್ದವಂತೆ, ಅದಕ್ಕೇ ಆ ಹೆಸರು. ಎತ್ತುಗಳಿಗೆ ಗೇರು ಇರಲಿಲ್ಲ ಎಂದು ನಾನು ಧೈರ್ಯ ತಂದುಕೊಂಡೆ. "ನಿಮಗೊಬ್ಬರಿಗೇ ಸಮುದ್ರವಲ್ಲ, ನಮಗೂ ಶಿವನಸಮುದ್ರವಿದೆ" ಎಂದು ಗುಂಪಿನಲ್ಲಿ ಹಾಕಿಯೂಬಿಟ್ಟೆ.

ನಮ್ಮ ಕಡೆಯ ಸೈಕಲ್ ಮಾರ್ಗದ ವೈಶಿಷ್ಟ್ಯವೆಂದರೆ, ಇಲ್ಲಿ ದಾರಿಗಿಂತ ವಿಚಾರಣೆ ಉದ್ದ. ಸರ್ಕಾರಿ ಸಂಬಳದವನು ಸೈಕಲ್ ತುಳಿಯುತ್ತಾನೆಂದರೆ ಮನೆಯಲ್ಲೇನೋ ಆಗಿದೆ ಎಂದೇ ಅರ್ಥ. ನಾಲೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ನನ್ನ ತಲೆಯ ಹೆಲ್ಮೆಟ್ಟು ನೋಡಿ, "ತಲೆಗೇನಾಯ್ತು ಮೇಷ್ಟ್ರೇ, ಆಪ್ರೇಸನ್ನಾ?" ಎಂದು ಕಣ್ಣೀರು ತಂದುಕೊಂಡಳು. ಗದ್ದೆಗೆ ನೀರು ಕಟ್ಟುತ್ತಿದ್ದವನೊಬ್ಬ, "ಸ್ಕೂಟ್ರು ಮಾರ್ಬುಟ್ರಾ?" ಎಂದ. ವ್ಯಾಯಾಮಕ್ಕೆ ಎಂದೆ. "ವ್ಯಾಯಾಮ ಬೇಕು ಅಂದ್ರೆ ಬನ್ನಿ, ಕಬ್ಬು ಕಡಿಯಾಕೆ ಆಳೇ ಸಿಗ್ತಿಲ್ಲ" ಎಂದು ಮಚ್ಚು ತೋರಿಸಿದ. ಕರಾವಳಿಯ ಗುಡ್ಡಗಳಲ್ಲಿ ಹರೀಶನಿಗೆ ಇಂಥ ಆಹ್ವಾನ ಬರುತ್ತಿರಲಿಲ್ಲವೆಂದು ತೋರುತ್ತದೆ.

ದಿಬ್ಬದ ಬುಡಕ್ಕೆ ಬರುವ ಹೊತ್ತಿಗೆ ನನ್ನೊಳಗಿನ ಎತ್ತು ಮಂಡಿಯೂರಿಯಾಗಿತ್ತು. ಹುಣಸೆಮರದ ಕೆಳಗೆ ನಿಂತು ಏದುಸಿರು ಬಿಡುತ್ತಿದ್ದಾಗ, ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಟ್ರೈಲರ್ ಎಳೆದುಕೊಂಡು ಬಂದ ಟ್ರ್ಯಾಕ್ಟರು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ಸಿದ್ದರಾಜು, ಇಪ್ಪತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ. "ಅತ್ಕಳಿ ಮೇಷ್ಟ್ರೇ" ಎಂದ. ಬೇಡ ಎಂದೆ. ಅವನ ಮುಖ ಕೆಂಪಾಯಿತು. "ನೀವು ತುಳ್ಕಂಡ್ ಬರೋದು, ನಾನು ಖಾಲಿ ಗಾಡಿ ಒಡ್ಕಂಡ್ ಓಗೋದಾ? ನೋಡಿದೋರು ನನ್ ಮಕಕ್ಕೆ ಉಗಿಯಾಕಿಲ್ವಾ?" ನಮ್ಮ ಸೀಮೆಯಲ್ಲಿ ಖಾಲಿ ಟ್ರೈಲರಿಗೆ ಒಂದು ಧರ್ಮವಿದೆ: ದಾರಿಯಲ್ಲಿ ಪರಿಚಯದವರನ್ನು ಬಿಟ್ಟು ಅದು ಮುಂದೆ ಹೋಗುವಂತಿಲ್ಲ. ಧರ್ಮಕ್ಕೆ ಅಡ್ಡ ಬರಲು ನಾನು ಯಾರು? ನಾನು ಮಾತು ಮುಗಿಸುವುದರೊಳಗೆ ಸೈಕಲ್ಲು ಮೇಲಿತ್ತು, ಅದರ ಹಿಂದೆ ನಾನೂ ಇದ್ದೆ. ಸಿದ್ದರಾಜು ಹಿಂತಿರುಗಿ ನೋಡಿ, "ಕಂಬಿ ಇಡ್ಕಂಡು ನೆಟ್ಟಗೆ ನಿಂತ್ಕಳಿ" ಎಂದ. ಟ್ರ್ಯಾಕ್ಟರು ಭರ್ರನೆ ಏರಿತು. ಜೇಬಿನಲ್ಲಿ ಮೊಬೈಲು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿತ್ತು.

ಮನೆಗೆ ಬಂದು ನೋಡುತ್ತೇನೆ, ಮಾರ್ಗ ತಾನಾಗಿಯೇ ಎಲ್ಲೆಡೆ ಪ್ರಕಟವಾಗಿದೆ. ಎತ್ತುಮಂಡಿ ದಿಬ್ಬಕ್ಕೆ ನಾಲ್ಕು ನಿಮಿಷ! "ಭಾವ, ಇಂಥ ಏರನ್ನು ನಾನು ಕಂಡವರಲ್ಲಿ ಯಾರೂ ಹೀಗೆ ಹತ್ತಿಲ್ಲ. ಮುಂದಿನ ಭಾನುವಾರ ಬರ್ತೀನಿ, ನನಗೂ ಆ ದಾರಿ ತೋರಿಸಿ" ಎಂದು ಹರೀಶ ಬರೆದಿದ್ದ. ನಿಜ ಹೇಳಬೇಕೆಂದು ಮೂರು ಸಲ ಟೈಪು ಮಾಡಿದೆ, ಮೂರು ಸಲ ಅಳಿಸಿದೆ. ಅಷ್ಟರಲ್ಲಿ ಮಾವನವರ ಫೋನು ಬಂತು. "ಏನ್ ಅಳಿಯಂದ್ರೇ, ಈಂಗಾ ನೀವು?" ಎಂದರು. ಆ ದನಿಯಲ್ಲಿ ಪಾಪವೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಗುಂಪಿನಲ್ಲಿ ಎರಡು ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದೆ.

ಭಾನುವಾರ ಹರೀಶ ಕಾರಿನ ತಲೆಯ ಮೇಲೆ ಬೈಕು ಕಟ್ಟಿಕೊಂಡು ಬಂದೇಬಿಟ್ಟ. ಮದ್ದೂರು ವಡೆ ತಿನ್ನಿಸಿ ಹೊಟ್ಟೆ ಭಾರ ಮಾಡೋಣವೆಂದರೆ ಬಾಳೆಹಣ್ಣು ಸಾಕೆಂದ. ಸರೋಜ ಬಾಗಿಲಲ್ಲಿ ನಿಂತು, "ಅವರ ಜೊತೆ ಪೈಪೋಟಿ ಮಾಡ್ಬೇಡ ಕಣೋ" ಎಂದು ತಮ್ಮನಿಗೆ ಬುದ್ಧಿ ಹೇಳಿದಳು. ನಾಲೆ ಪಕ್ಕದ ಟೀ ಅಂಗಡಿಯಲ್ಲಿ ಸಾಕ್ಷಾತ್ ಸಿದ್ದರಾಜುವೇ ಟ್ರೈಲರಿಗೆ ಪಂಕ್ಚರ್ ಹಾಕಿಸುತ್ತಾ ಕೂತಿದ್ದ! "ಓದ್ ವಾರ ಮೇಷ್ಟ್ರು..." ಎಂದು ಅವನು ಬಾಯಿ ತೆಗೆಯುತ್ತಿದ್ದಂತೆ, "ಟೀ ಆರಿಹೋಗುತ್ತೆ, ಕುಡಿಯಪ್ಪ" ಎಂದು ಲೋಟ ಕೈಗಿಟ್ಟೆ. ಹರೀಶ ನಗುತ್ತಾ, "ನಿಮ್ಮ ಮೇಷ್ಟ್ರು ಹೇಳೋದೆಲ್ಲ ನಿಜಾನಾ?" ಎಂದ. ಸಿದ್ದರಾಜು ಲೋಟ ಕೆಳಗಿಟ್ಟ. "ನಮ್ ಮೇಷ್ಟ್ರಾ? ತಲೆ ಓದ್ರೂ ಸುಳ್ ಯೋಳಾಕಿಲ್ಲ. ಪಕ್ಕದೋನ್ನ ನೋಡ್ಕಂಡು ಕಾವೇರಿ ಮ್ಯಾಪ್ ಬರ್ದೆ ಅಂತ ನನ್ನ ಒಂದಿನ ಪೂರ್ತಿ ಬೆಂಚ್ ಮ್ಯಾಲೆ ನಿಲ್ಸಿದ್ರು. 'ನಡೀದಿರೋ ದಾರೀನ ನಡ್ದೆ ಅನ್ಬಾರ್ದು ಕಣ್ಲಾ' ಅಂದಿದ್ರು. ಇವತ್ಗೂ ನೆಪ್ಪೈತೆ." ನನಗೂ ನೆನಪಾಯಿತು, ಬೇಡದ ಹೊತ್ತಿನಲ್ಲಿ.

ದಿಬ್ಬದ ಬುಡದಲ್ಲಿ ನಾನು ಕಾಲು ಹಿಡಿದುಕೊಂಡಿದೆ ಎಂದು ಹುಣಸೆಮರದ ಕೆಳಗೆ ಕೂತೆ. ಹರೀಶ ಮೂರು ಸಲ ಹತ್ತಲು ಹೋದ, ಮೂರು ಸಲವೂ ಅರ್ಧದಿಂದ ಸೈಕಲ್ ತಳ್ಳಿಕೊಂಡು ವಾಪಸ್ಸು ಬಂದ. ಕೊನೆಗೆ ನನ್ನ ಪಕ್ಕ ಕುಸಿದು ಕೂತು, "ಎರಡು ವರ್ಷ ದಿನಾ ಬೆಳಿಗ್ಗೆ ಎದ್ದಿದ್ದೇ ದಂಡ. ಮಾರಿಬಿಡ್ತೀನಿ ಭಾವ, ಇದು ನನ್ನ ಕೈಲಾಗೋದಲ್ಲ" ಎಂದ. ಕಣ್ಣಂಚು ಒದ್ದೆಯಾಗಿತ್ತು. ಆಗ ನನಗೆ ತಡೆಯಲಾಗಲಿಲ್ಲ. "ಹರೀಶ, ನಾನು ಹತ್ತಲಿಲ್ಲ ಕಣಪ್ಪ, ಟ್ರೈಲರಿನಲ್ಲಿ ನಿಂತು ಹೋದೆ" ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ನನ್ನನ್ನು ಸಮಾಧಾನ ಮಾಡೋಕೆ ನೀವು ಸುಳ್ಳು ಹೇಳಬೇಕಾ? ನಿಮ್ಮ ದೊಡ್ಡತನ ಭಾವ!" ಎಂದ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ನಿಜ ಹೀಗೆ ದಂಡವಾಯಿತು.

ಅಷ್ಟರಲ್ಲಿ ಸಿದ್ದರಾಜುವಿನ ಟ್ರ್ಯಾಕ್ಟರು ಬಂದು ನಿಂತಿತು. "ಅತ್ಕಳಿ ಮೇಷ್ಟ್ರೇ, ಓದ್ ವಾರ್ದಂಗೇ. ನೀವೂ ಬನ್ನಿ ಸಾ."

ಹರೀಶ ನನ್ನ ಮುಖ ನೋಡಿದ, ಟ್ರೈಲರ್ ನೋಡಿದ, ದಿಬ್ಬ ನೋಡಿದ. ತನ್ನ ಬೈಕನ್ನು ಎತ್ತಿ ಮೇಲಿಟ್ಟ. ಇಡೀ ದಾರಿ ನಾವಿಬ್ಬರೂ ಕಂಬಿ ಹಿಡಿದು ನೆಟ್ಟಗೆ ನಿಂತಿದ್ದೆವು. ಈ ಸಲ ನನ್ನ ಮೊಬೈಲನ್ನು ಮರೆಯದೆ ಆಫ್ ಮಾಡಿದ್ದೆ. ಮನೆಗೆ ಬಂದ ಮೇಲೆ ಅಕ್ಕ ಬಡಿಸಿದ್ದನ್ನು ಉಂಡು ಊರಿಗೆ ಹೊರಟ. ನಾನು ಬದುಕಿದೆ ಎಂದುಕೊಂಡೆ.

ಸಂಜೆ ಗುಂಪು ತೆರೆದರೆ ಹರೀಶನ ಪಟ್ಟಿ. ಎತ್ತುಮಂಡಿ ದಿಬ್ಬ, ಮೂರೂವರೆ ನಿಮಿಷ. "ಭಾವನ ದಾಖಲೆ ಮುರಿದೆ, ಅವರ ಆಶೀರ್ವಾದ." ಕೆಳಗೆ ಮಾವನವರ ಸಾಲು: "ನನ್ ಮಗ ಅಂದ್ರೆ ಮಗ. ಪಾಪ, ಮೇಷ್ಟ್ರು."

ಮೋಸ! ಹಾಡುಹಗಲಿನ ಮೋಸ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದೇ ಟ್ರೈಲರಿನಲ್ಲಿ ಪಕ್ಕ ಪಕ್ಕದಲ್ಲಿ ನಿಂತು ಹೋದವನು ನನಗಿಂತ ಅರ್ಧ ನಿಮಿಷ ಮುಂಚೆ ತಲುಪಲು ಸಾಧ್ಯವೇ? ಆಮೇಲೆ ಹೊಳೆಯಿತು, ತಪ್ಪು ಅವನದಲ್ಲ. ಹೋದ ವಾರ ಮೇಷ್ಟ್ರೊಬ್ಬರೇ ನಿಂತಿದ್ದಾರೆ ಎಂದು ಸಿದ್ದರಾಜು ನನ್ನ ಮೇಲಿನ ಗೌರವಕ್ಕೆ ನಿಧಾನವಾಗಿ ಹೊಡೆದಿದ್ದ. ಕೂಡಲೇ ಅವನಿಗೆ ಫೋನು ಮಾಡಿದೆ.

"ಭಾನುವಾರ ಖಾಲಿ ಬರ್ತೀಯೇನಪ್ಪ?"

"ಬತ್ತೀನಿ ಮೇಷ್ಟ್ರೇ. ಯಾಕೆ?"

"ಏನಿಲ್ಲ. ದಿಬ್ಬದ ಹತ್ತಿರ ಸ್ವಲ್ಪ ಜೋರಾಗಿ ಹೊಡಿ."

"ಬಿದ್ದೋಯ್ತೀರಿ ಮೇಷ್ಟ್ರೇ. ಒಂದು ಕುರ್ಚಿ ಆಕ್ಲಾ, ಕುಂತ್ಕಳೋಕೆ?"

"ಬೇಡ" ಎಂದೆ. "ನನಗೆ ನಿಂತುಕೊಳ್ಳುವುದೇ ಸರಿ."